ಕೋಟೆ ಬಾಗಿಲ ಗೊಂಬೆ

"ಗುರುಗಳೇ, ನೂರಕ್ಕೆ ತೊಂಬತ್ತೊಂಬತ್ತು ಸಲ ಸರಿಯಾಗಿ ಹೇಳುವ ಯಂತ್ರದ ಮಾತನ್ನು ಕಣ್ಣು ಮುಚ್ಚಿಕೊಂಡು ಕೇಳಿದರೆ ತಪ್ಪೇನು?"

ಹೀಗೆ ಕೇಳಿದವನು ರೇಣುಕಯ್ಯ. ಅವನು ಒಂದು ದೊಡ್ಡ ಆಸ್ಪತ್ರೆಯಲ್ಲಿ ಅಧಿಕಾರಿ. ಬಂದ ರೋಗಿಗಳಲ್ಲಿ ಯಾರನ್ನು ಸೇರಿಸಿಕೊಳ್ಳಬೇಕು, ಯಾರನ್ನು ಮನೆಗೆ ಕಳಿಸಬೇಕು ಎಂದು ಹೇಳುವ ಯಂತ್ರವೊಂದು ಅಲ್ಲಿಗೆ ಬಂದು ಆರು ತಿಂಗಳಾಗಿತ್ತು. ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದು ಊರು. ಊರಿಗೆ ಕೋಟೆ, ಕೋಟೆಗೆ ಒಂದೇ ಬಾಗಿಲು. ಸುತ್ತಲ ಸೀಮೆಯಲ್ಲೆಲ್ಲ ಮಹಾಮಾರಿ ಹಬ್ಬಿತ್ತು. ಬಾಗಿಲಲ್ಲಿ ಒಬ್ಬ ಕಾವಲುಗಾರನಿದ್ದ. ಬಂದವರನ್ನು ಕಲ್ಲಿನ ಮೇಲೆ ಕೂರಿಸಿ ನಾಲಿಗೆ ನೋಡುತ್ತಿದ್ದ, ಕಣ್ಣರೆಪ್ಪೆ ಎಳೆದು ನೋಡುತ್ತಿದ್ದ, ಹಣೆ ಮುಟ್ಟುತ್ತಿದ್ದ, ನಿನ್ನೆ ಎಲ್ಲಿ ಉಂಡೆ ಎಂದು ವಿಚಾರಿಸುತ್ತಿದ್ದ. ಅವನ ಅಂದಾಜು ತಪ್ಪುತ್ತಿದ್ದುದು ಕಡಿಮೆ. ಒಮ್ಮೆ ತಪ್ಪಿತು. ಅವನು ಒಳಗೆ ಬಿಟ್ಟ ಒಬ್ಬನಿಂದ ಒಂದೇ ಕೇರಿಯಲ್ಲಿ ಹನ್ನೊಂದು ಹೆಣ ಬಿದ್ದವು. ಅಂದಿನಿಂದ ಕಾವಲುಗಾರನಿಗೆ ತನ್ನ ಕೈಯನ್ನು ಕಂಡರೇ ಭಯ.

ಆಗ ದೂರದೇಶದ ಕುಶಲಕರ್ಮಿಯೊಬ್ಬ ಕಂಚಿನ ಗೊಂಬೆಯೊಂದನ್ನು ತಂದುಕೊಟ್ಟ. ಬಾಗಿಲ ಪಕ್ಕದಲ್ಲಿ ಕೈ ಎತ್ತಿ ನಿಲ್ಲುವ ಗೊಂಬೆ. ರೋಗವಿದ್ದವನು ಎದುರು ಬಂದರೆ ಎತ್ತಿದ ಕೈ ಇಳಿಯುತ್ತದೆ ಎಂದ. ಅದಕ್ಕೆ ಹೇಗೆ ತಿಳಿಯುತ್ತದೆ ಎಂಬುದು ತಂದವನಿಗೂ ಪೂರ್ತಿ ಗೊತ್ತಿರಲಿಲ್ಲ. ನೆಮ್ಮದಿಯಾಗಿ ನಿದ್ದೆ ಬರುವಾಗ ಅಂಥ ಪ್ರಶ್ನೆ ಯಾರು ತಾನೆ ಕೇಳುತ್ತಾರೆ? ಗೊಂಬೆ ಬಂದ ಮೇಲೆ ಊರೊಳಗೆ ಒಂದು ಹೆಣವೂ ಬೀಳಲಿಲ್ಲ. ಜನ ಅದಕ್ಕೆ ಹೂವಿನ ಹಾರ ಹಾಕಿದರು. ಎಲ್ಲರಿಗಿಂತ ಹೆಚ್ಚು ನಿರಾಳವಾದವನು ಕಾವಲುಗಾರನೇ. ಇನ್ನು ಯಾರ ಸಾವನ್ನೂ ಅವನ ತಲೆಗೆ ಕಟ್ಟುವಂತಿರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ನಡುವಯಸ್ಸಿನ ಕಾವಲಿನವನೊಬ್ಬ, ರೋಗ ನೋಡುವುದನ್ನು ನನಗೂ ಕಲಿಸು ಎಂದಾಗ ಅವನು ನಕ್ಕುಬಿಟ್ಟ.

"ಅದೆಲ್ಲ ಹಳೇ ಕಾಲದ್ದು ಬಿಡಯ್ಯ. ಈ ಗೊಂಬೆ ಇವತ್ತಿನವರೆಗೆ ಒಂದು ಸಲವೂ ತಪ್ಪಿಲ್ಲ."

ಒಳಗೆ ಬಂದವರೆಲ್ಲ ಬದುಕಿದ್ದರಲ್ಲ, ಅದೇ ಸಾಕ್ಷಿ. ಗೊಂಬೆಯ ಕೈ ಇಳಿದು ಹೊರಗುಳಿದವರು ಗೋಗರೆಯುತ್ತಿದ್ದರು, ಶಪಿಸುತ್ತಿದ್ದರು, ಕೊನೆಗೆ ಕಾಡಿನ ದಾರಿ ಹಿಡಿಯುತ್ತಿದ್ದರು.

ಒಂದು ದಿನ ಹೆಂಗಸೊಬ್ಬಳು ಎಳೆಗೂಸನ್ನು ಎತ್ತಿಕೊಂಡು ಬಂದಳು. ಗೊಂಬೆಯ ಕೈ ಇಳಿಯಿತು. ಅವಳು ಕೂಸನ್ನು ಮುಂದೆ ಚಾಚಿ, ಒಂದು ಸಲ ಮುಟ್ಟಿ ನೋಡು, ಜ್ವರವೇ ಇಲ್ಲ ಎಂದು ಬೇಡಿದಳು. ಕಾವಲುಗಾರನ ಕೈ ಅರ್ಧ ಮೇಲೆ ಬಂತು. ಮುಟ್ಟಿದಾಗ ನಿಜಕ್ಕೂ ಜ್ವರವಿಲ್ಲದಿದ್ದರೆ? ಹಾಗಾದರೆ ಇಷ್ಟು ದಿನ ತಾನು ಅಟ್ಟಿದವರೆಲ್ಲ? ಅವನು ಕೈಯನ್ನು ಹಿಂದಕ್ಕೆಳೆದುಕೊಂಡು ಬಾಗಿಲು ಹಾಕಿದ. ಆಮೇಲೆ ಕಾಡಿನ ಕಡೆ ನೋಡುವುದನ್ನೇ ಬಿಟ್ಟ.

ಕೆಲವು ದಿನ ಕಳೆದವು. ಒಂದು ಮಧ್ಯಾಹ್ನ ಅವನು ಕೋಟೆಯ ಹೊರಗಿನ ಬಾವಿಯ ರಾಟೆ ಸರಿಮಾಡಲು ಹೋದ. ಸ್ವಲ್ಪ ಹೊತ್ತಿನಲ್ಲೇ ಕೆಲಸ ಮುಗಿಸಿ ಹಿಂತಿರುಗಿದ. ಗೊಂಬೆಯ ಮುಂದೆ ಬಂದ. ಅದರ ಕೈ ಇಳಿಯಿತು.

ಮೊದಲು ಅವನಿಗೆ ನಗು ಬಂತು. ಹಿಂದೆ ಸರಿದು ಮತ್ತೆ ಬಂದ. ಮೇಲೆದ್ದಿದ್ದ ಕೈ ಮತ್ತೆ ಇಳಿಯಿತು. ಬಾಗಿಲಲ್ಲಿದ್ದ ಹೊಸ ಕಾವಲಿನವನು ಈಟಿ ಅಡ್ಡ ಹಿಡಿದ. ಊಟದ ಬುತ್ತಿ ತಂದು ಒಳಗೆ ಕಾಯುತ್ತಿದ್ದ ಕಾವಲುಗಾರನ ಹೆಂಡತಿ ಒಂದು ಹೆಜ್ಜೆ ಹಿಂದೆ ಸರಿದಳು. ಅದನ್ನು ಕಂಡು ಅವನು ಹೊಸಬನ ಮುಂದೆ ಹಣೆ ಚಾಚಿದ.

"ನನ್ನ ನಾಲಿಗೆ ನೋಡಯ್ಯ, ಹಣೆ ಮುಟ್ಟಿ ನೋಡು. ನನಗೇನೂ ಆಗಿಲ್ಲ."

"ನೋಡೋಕೆ ನನಗೆಲ್ಲಿ ಬರುತ್ತಣ್ಣ? ಕಲಿಸು ಅಂತ ಕೇಳಿದ್ದೆ. ನೀನೇ ನಕ್ಕೆ," ಎಂದ ಹೊಸಬ. ಅವನ ಕಣ್ಣಲ್ಲಿ ನೀರಿತ್ತು. ಆದರೂ ಬಾಗಿಲು ಹಾಕಿದ.

ಕಾವಲುಗಾರ ತನ್ನ ಹಣೆಯನ್ನು ತಾನೇ ಮುಟ್ಟಿಕೊಂಡ. ಬಿಸಿಯಾಗಿತ್ತು. ಬಿಸಿಲಿಗೋ ಜ್ವರಕ್ಕೋ ತಿಳಿಯಲಿಲ್ಲ. ಮತ್ತೆ ಮತ್ತೆ ಮುಟ್ಟಿ ನೋಡಿದ. ಸಾವಿರ ಹಣೆ ಮುಟ್ಟಿ ಪಳಗಿದ್ದ ಕೈ ಈಗ ಏನನ್ನೂ ಹೇಳಲಿಲ್ಲ. ಗೊಂಬೆಯ ಮಾತು ಸುಳ್ಳು ಎನ್ನಲು ಅವನಿಗೇ ಧೈರ್ಯ ಬರಲಿಲ್ಲ. ಬಾಗಿಲ ಮುಂದೆ ಬಹಳ ಹೊತ್ತು ನಿಂತಿದ್ದು, ಹೆದರಿ ಹೆದರಿ ಹೆಜ್ಜೆ ಇಡುತ್ತ ಕಾಡಿನ ಕಡೆಗೆ ಹೊರಟ.

ಗುರುಗಳು ಕತೆ ನಿಲ್ಲಿಸಿದರು. ರೇಣುಕಯ್ಯನಿಗೆ ಸುಮ್ಮನಿರಲಾಗಲಿಲ್ಲ.

"ಅವನಿಗೆ ರೋಗ ಇತ್ತೋ ಇಲ್ಲವೋ, ಅದನ್ನು ಹೇಳಿ ಗುರುಗಳೇ. ಗೊಂಬೆ ತಪ್ಪಿತೇ?"

"ನಿನ್ನ ಯಂತ್ರ ಮನೆಗೆ ಕಳಿಸಿದವರು ಬದುಕಿದ್ದಾರೋ ಇಲ್ಲವೋ ಎಂದು ನೀನು ಒಬ್ಬರ ಮನೆಗಾದರೂ ಹೋಗಿ ನೋಡಿದ್ದೀಯಾ, ರೇಣುಕಯ್ಯ?"