ಗೀಜಗನ ಶಿಷ್ಯ ದೂರು ಕೊಟ್ಟದ್ದು

ಗೂಡು ಹೆಣೆಯುವುದನ್ನು ಕಲಿಯಲೆಂದು ಹಿರಿಯ ಗೀಜಗನ ಬಳಿ ಸೇರಿದ ಮರಿ ಗೀಜಗ ಅಲ್ಲಿನ ಉಳಿದ ಶಿಷ್ಯರಂತೆ ದಿನವಿಡೀ ಹುಲ್ಲು ಹೊತ್ತು ತರುವುದರಲ್ಲೇ ಸುಸ್ತಾಗುತ್ತಿತ್ತು. ರೆಕ್ಕೆ ಉಳುಕಿದ ದಿನ ಅದು ಧೈರ್ಯ ಮಾಡಿ, ಕೆರೆಯ ಹಕ್ಕಿಗಳ ಜಗಳ ಬಗೆಹರಿಸುವ ಕೊಕ್ಕರೆಯ ಬಳಿಗೆ ದೂರು ಒಯ್ದಿತು.

ಹಿರಿಯ ಗೀಜಗ ಅಡ್ಡ ಬಂದಿತು. "ದೂರು ಹೇಳುವ ಹಕ್ಕು ಕೆಲಸಗಾರರದು, ಸ್ವಾಮಿ. ಇವನು ಬರೀ ವಿದ್ಯಾರ್ಥಿ."

ಮರಿ ಉಳುಕಿದ ರೆಕ್ಕೆ ಮುದುರಿಕೊಂಡು ಕೊಕ್ಕರೆಯತ್ತ ನೋಡಿತು.

"ಹಾಗೇ ಆಗಲಿ," ಎಂದಿತು ಕೊಕ್ಕರೆ. "ನಾಳೆಯಿಂದ ಇವನು ಬರೀ ಪಾಠ ಕಲಿಯಲಿ, ಹುಲ್ಲು ನೀವೇ ತನ್ನಿ."

"ಅಯ್ಯೋ, ಇವನು ಕೆಲಸ ಬಿಟ್ಟರೆ ನನ್ನ ಗೂಡುಗಳ ಗತಿಯೇನು?" ಎಂದು ಕೂಗಿದ ಹಿರಿಯ ಗೀಜಗ ತಟ್ಟನೆ ಕೊಕ್ಕು ಮುಚ್ಚಿಕೊಂಡಿತು.

ಕೊಕ್ಕರೆ ಮರಿಯತ್ತ ತಿರುಗಿತು. "ನೀನು ಕೆಲಸಗಾರನೇ ಅಂತ ನಿನ್ನ ಗುರುಗಳೇ ಒಪ್ಪಿಕೊಂಡರಲ್ಲ! ಹೇಳಪ್ಪ, ಏನು ನಿನ್ನ ದೂರು?"

ಮರಿ ಖುಷಿಯಿಂದ ಕುಪ್ಪಳಿಸಿ ಹೇಳತೊಡಗಿತು. ನೋಡನೋಡುತ್ತಿದ್ದಂತೆ ಉಳಿದ ಶಿಷ್ಯರೂ ಕಿಚಪಿಚ ಎನ್ನುತ್ತ ಅದರ ಹಿಂದೆ ಸಾಲುಗಟ್ಟಿದರು.