ಮಗ್ಗಗಳು ನಿಂತ ದಿನ

"ಬುದ್ಧೀ, ದಾರಿ ತಪ್ಪಿದ ಹುಡುಗನನ್ನು ಹೊರಗೆ ಕಳಿಸುವುದು ಸರಿಯೋ, ಒಳಗೇ ಕೂಡಿಹಾಕುವುದು ಸರಿಯೋ?" ಎಂದು ಶಿಷ್ಯ ಕೇಳಿದ.

ಮಠದ ವಿದ್ಯಾರ್ಥಿ ನಿಲಯದ ಹೊಣೆ ಆ ಶಿಷ್ಯನದು. ಗುರುಗಳು ಕಣ್ಣೆತ್ತಿ ನೋಡಿದರು.

"ಯಾವ ಹುಡುಗ?"

"ಮುದ್ದವೀರ. ಮುಂಚೆ ಪಾಠಕ್ಕೆ ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದ. ಈಗ ಬಟ್ಟೆ ಒಗೆಯಲು ಕೆರೆಗೆ ಹೋದವನು ಹೊತ್ತು ಇಳಿದ ಮೇಲೆ ಬರುತ್ತಾನೆ. ಬಟ್ಟೆ ನೀರು ಕಂಡೇ ಇರುವುದಿಲ್ಲ. ಕೇಳಿದರೆ ಬಾಯಿ ಬಿಡುವುದಿಲ್ಲ, ಗದರಿಸಿದರೆ ಗೋಡೆ ನೋಡುತ್ತಾನೆ. ಕೈಗೊಂದು ಗಡಿಯಾರ ಬೇರೆ. ಒಳ್ಳೆಯ ಗಡಿಯಾರ ಬುದ್ಧೀ, ನನ್ನ ಹತ್ತಿರವೂ ಅಂಥದಿಲ್ಲ. ಗೋಡೆ ಎತ್ತರಿಸೋಣ ಎಂದುಕೊಂಡೆ. ಅದೂ ಸಾಲದು ಅನ್ನಿಸಿತು. ನಾಳೆ ಗಂಟುಮೂಟೆ ಕಟ್ಟಿಸಿ ಊರಿಗೆ ಅಟ್ಟಿಬಿಡುತ್ತೇನೆ. ಕೊಡ ಹಾಲಿಗೆ ಒಂದು ಹನಿ ಹುಳಿ ಸಾಕಲ್ಲವೇ?"

ಗುರುಗಳು "ಕೂತುಕೋ" ಎಂದರು. ಅವನು ಕೂತ ಮೇಲೆ ಹೇಳತೊಡಗಿದರು.

ನೇಕಾರರದೇ ಒಂದು ಕೇರಿ. ಮನೆಮನೆಯಲ್ಲೂ ನೆಲದಲ್ಲಿ ಗುಂಡಿ ತೋಡಿ ಕೂರಿಸಿದ ಮಗ್ಗ. ಕಾಲನ್ನು ಗುಂಡಿಗೆ ಇಳಿಬಿಟ್ಟು ಕೂತರೆ ನೇಕಾರನಿಗೆ ಕಾಣುವುದು ಅವನ ನೂಲು, ಕೇಳುವುದು ಅವನ ಮಗ್ಗ.

ನೂಲಿಗೆ ಗಂಜಿ ಹಾಕಿ ಬಿಸಿಲಿಗೆ ಒಣಗಿಸಬೇಕು. ಕೇರಿಯ ಹಿಂದೆ ಹಳ್ಳದ ದಂಡೆಯಲ್ಲಿ ಬಯಲಿತ್ತು. ಬಯಲಿನ ಅಂಚಿಗೆ ಹೊಂಗೆ ಮರಗಳ ಸಾಲಿತ್ತು. ಬಯಲಿನಲ್ಲಿ ಬಿದಿರಿನ ಗಳು ಕಟ್ಟಿ ನೂಲು ಹರಡುತ್ತಿದ್ದರು. ಗಂಜಿಯ ರುಚಿಗೆ ದನಕರು ಬಂದು ನೂಲು ಮೆಲ್ಲುತ್ತವೆ. ಅದಕ್ಕೊಂದು ಕಾವಲು ಬೇಕು. ದೊಡ್ಡವರು ಮಗ್ಗ ಬಿಟ್ಟು ಏಳುವಂತಿಲ್ಲ. ಆದ್ದರಿಂದ ನೂಲನ್ನು ಮಕ್ಕಳು ಕಾಯುತ್ತಿದ್ದರು.

ಸಂಜೆ ಮಕ್ಕಳು ನೂಲು ಹೊತ್ತು ತರುತ್ತಿದ್ದರು. ತಂದೆ ನೂಲಿನ ಒಂದೊಂದು ಲಡಿಯನ್ನೂ ಬಿಡಿಸಿ ನೋಡುತ್ತಿದ್ದ. ಎಳೆ ಹರಿದಿದೆಯೇ, ಕರು ಕಚ್ಚಿದೆಯೇ. ತಾಯಿ ಮಕ್ಕಳನ್ನು ಹೊಸ್ತಿಲಲ್ಲಿ ನಿಲ್ಲಿಸಿ, ಉಪ್ಪು ಮತ್ತು ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಘಾಟು ಎದ್ದರೆ ಮಗುವಿಗೆ ದೃಷ್ಟಿ ತಾಗಿಲ್ಲ. ಘಾಟು ಏಳದಿದ್ದರೆ ಯಾರದೋ ಕೆಟ್ಟ ಕಣ್ಣು ಬಿದ್ದಿದೆ. ಮಕ್ಕಳಿಗೆ ಇಷ್ಟು ಕಾವಲು ಸಾಕೆಂದು ಕೇರಿ ನಂಬಿತ್ತು.

ಒಂದು ಸಂಜೆ, ಕೇರಿಯ ನೂಲಿಗೆ ಬಣ್ಣ ಹಾಕುವ ಬಣ್ಣಗಾರನ ಮನೆಯಲ್ಲಿ ಮೆಣಸಿನಕಾಯಿ ಕರಕಲಾಯಿತು, ಘಾಟು ಬರಲಿಲ್ಲ. ಅವನ ಹೆಂಡತಿ ಬೀದಿಗೆ ಬಂದು ನಿಂತಳು.

"ಯಾವಳೇ ಅವಳು ನನ್ನ ಮಗಳ ಮೇಲೆ ಕಣ್ಣು ಹಾಕಿದೋಳು? ನಿಮ್ಮ ಮನೇಲಿ ಹೆಣ್ಣು ಹುಟ್ಟಿಲ್ವೇನ್ರೇ?"

"ನಿನ್ನ ಮಗಳ ಮೂಗಿನ ಚೆಂದ ನೋಡ್ತಾ ಕೂರೋಕೆ ನಮಗೇನು ಕೆಲಸ ಇಲ್ವಾ?" ಎಂದಳು ಎದುರುಮನೆಯವಳು. "ಮೊದಲು ನಿನ್ನ ಮೆಣಸಿನಕಾಯಿ ಬಿಸಿಲಿಗೆ ಹಾಕು. ಮುಗ್ಗಲು ಹಿಡಿದಿರಬೇಕು."

ಬೀದಿ ನಕ್ಕಿತು.

ಕೆಲವು ದಿನಗಳಾದ ಮೇಲೆ ಬಣ್ಣಗಾರನ ಮಗಳು ಬಯಲಿನಿಂದ ಮರಳಲಿಲ್ಲ. ಹಳ್ಳ ಹುಡುಕಿದರು, ಬಾವಿಗೆ ಇಳಿದರು. ಅವಳು ಕಾಯುತ್ತಿದ್ದ ನೂಲು ಗಳುವಿನ ಮೇಲೆ ಹಾಗೇ ಇತ್ತು. ಒಂದು ಎಳೆಯೂ ಹರಿದಿರಲಿಲ್ಲ. ಮಕ್ಕಳನ್ನು ಪುಸಲಾಯಿಸಿ ದೂರಕ್ಕೆ ಸಾಗಿಸಿ ದುಡಿಸುವವರಿದ್ದಾರೆ ಎಂದು ಸಂತೆಗೆ ಹೋಗಿ ಬಂದವರು ಹೇಳಿದರು. ಹಾಗೆ ಹೋದ ಮಕ್ಕಳು ತಿರುಗಿ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಕೇರಿ ತನ್ನೊಳಗೇ ಮಾತಾಡಿಕೊಂಡಿತು: "ಹುಡುಗಿಯ ನಡತೆಯೇ ಸರಿಯಿರಲಿಲ್ಲ ಬಿಡಿ." ಆಮೇಲೆ ಮಗ್ಗಗಳ ಸದ್ದು ಮೊದಲಿನಂತೆ ಎದ್ದಿತು.

ಅದೇ ಕೇರಿಯಲ್ಲಿ ಒಬ್ಬ ನೇಕಾರ. ಅವನಿಗೆ ಒಬ್ಬಳೇ ಮಗಳು. ತನ್ನ ಅಜ್ಜಿಯ ಹೆಸರನ್ನು ಅವಳಿಗೆ ಇಟ್ಟಿದ್ದ: ಪುಟ್ಟತಾಯಿ. ಒಂದು ಸಂಜೆ ಅವಳ ಬಲಗೈಯಲ್ಲಿ ಒಂದು ಕೆಂಪು ದಾರ ಕಂಡ.

"ಎಲ್ಲಿ, ಕೈ ಕೊಡು." ಅವನು ದಾರವನ್ನು ಬೆಳಕಿಗೆ ಹಿಡಿದ. "ಅಬ್ಬಾ, ಎಂಥ ಕೆಂಪು! ನಮ್ಮ ಬಣ್ಣಗಾರ ತಲೆಕೆಳಗಾಗಿ ನಿಂತರೂ ಇದು ಬರೋದಿಲ್ಲ. ಎಲ್ಲಿಯದವ್ವಾ ಇದು?"

"ಹೊಂಗೆ ಮರದ ಹತ್ರ."

"ನೀರಿಗೆ ಹಿಡಿದೆಯಾ? ಬಣ್ಣ ಬಿಡುತ್ತಾ?"

"ಬಿಡಲ್ಲ ಅಪ್ಪಾ."

"ಬಿಡಲ್ಲವಂತೆ!" ಎಂದು ಅವನು ಅಕ್ಕಪಕ್ಕದವರನ್ನು ಕರೆದು ತೋರಿಸಿದ. ನೇಕಾರರು ಸುತ್ತ ನಿಂತು ಬಣ್ಣ ನೋಡಿದರು, ಎಳೆಯ ಹುರಿ ನೋಡಿದರು, ತಲೆದೂಗಿದರು. ದಾರಕ್ಕೆ ಹಾಕಿದ ಗಂಟು ನೇಕಾರರ ಗಂಟಾಗಿರಲಿಲ್ಲ. ಯಾರೂ ತಮ್ಮ ಕೈಗೆ ತಾವೇ ಕಟ್ಟಿಕೊಳ್ಳಬಹುದಾದ ಗಂಟೂ ಆಗಿರಲಿಲ್ಲ. ಅದನ್ನು ಒಬ್ಬರೂ ನೋಡಲಿಲ್ಲ.

ಆ ಸಂಜೆ ಅವನ ಮನೆಯಲ್ಲೂ ಘಾಟು ಏಳಲಿಲ್ಲ.

ಮರುದಿನ ತಾಯಿ ಊಟಕ್ಕೆ ಕರೆದಳು. "ಪುಟ್ಟತಾಯೀ." ಹುಡುಗಿ ತಿರುಗಲಿಲ್ಲ. ಇನ್ನೊಮ್ಮೆ ಕರೆದಳು. ಅವಳು ಹಟ ಮಾಡುತ್ತಿರಲಿಲ್ಲ. ಪಕ್ಕದ ಮನೆಯ ಮಗುವನ್ನು ಯಾರೋ ಕರೆಯುತ್ತಿದ್ದಾರೆ ಎಂಬಂತೆ ಕೂತಿದ್ದಳು. ತಾಯಿ ಬಂದು ಭುಜ ಮುಟ್ಟಿದ ಮೇಲೆ ಮುಖ ಎತ್ತಿದಳು.

"ನನ್ನನ್ನಾ ಕರೆದದ್ದು?"

ತಾಯಿ ಉಪ್ಪು, ಮೆಣಸಿನಕಾಯಿಗಳನ್ನು ಹೆಚ್ಚು ಮಾಡಿದಳು. ತಂದೆ ಬಾಗಿಲಿಗೆ ಹೊಸ ಅಗಳಿ ಹಾಕಿಸಿದ. ಹಗಲಾದರೆ ನೂಲು ಕಾಯಲು ಅವಳನ್ನು ಮತ್ತೆ ಅದೇ ಬಯಲಿಗೆ ಕಳಿಸಿದರು.

ಅಷ್ಟರಲ್ಲಿ ಅಮಾವಾಸ್ಯೆ ಬಂತು. ಅಮಾವಾಸ್ಯೆಯ ದಿನ ನೇಕಾರರು ಮಗ್ಗ ಮುಟ್ಟುವುದಿಲ್ಲ, ನೂಲು ಹರಡುವುದಿಲ್ಲ. ಆ ದಿನ ಮಕ್ಕಳೂ ಮನೆಯಲ್ಲೇ ಇದ್ದರು. ಮಧ್ಯಾಹ್ನ ಎಲ್ಲರ ಊಟವಾಗಿತ್ತು. ಬೀದಿ ತಣ್ಣಗಿತ್ತು. ಮಗ್ಗದ ಸದ್ದಿನಲ್ಲಿ ಎಂದೂ ಕೇಳಿಸದಿದ್ದ ಒಂದು ಸದ್ದು ಆಗ ಕೇಳಿಸಿತು.

ಹೊಂಗೆಯ ಸಾಲಿನಿಂದ ಯಾರೋ ಹೆಸರು ಹಿಡಿದು ಕರೆಯುತ್ತಿದ್ದರು. ಕೂಗುತ್ತಿರಲಿಲ್ಲ. ತೊಟ್ಟಿಲ ಪಕ್ಕದಲ್ಲಿ ಕೂತವರ ದನಿಯಂತೆ ಮೆಲ್ಲಗೆ, ಒಂದಾದ ಮೇಲೆ ಒಂದು. ಅವು ಆ ಕೇರಿಯ ಯಾರ ಹೆಸರೂ ಅಲ್ಲ. ಕೇರಿ ಕಿವಿಗೊಟ್ಟಿತು. ಮೊದಲ ಹೆಸರಿಗೆ ಕೇರಿಯ ಯಜಮಾನನ ಮೊಮ್ಮಗ ಎದ್ದು ನಿಂತ. ಎರಡನೆಯದಕ್ಕೆ ಎದುರುಮನೆಯವಳ ಮಗಳು ಎದ್ದಳು. ಮತ್ತೊಂದು ಹೆಸರು ಕೇಳಿಸಿತು. ಪುಟ್ಟತಾಯಿ ತಾಯಿಯ ಮಡಿಲಿನಿಂದ ತಲೆ ಎತ್ತಿ ಬಾಗಿಲ ಕಡೆ ನಡೆದಳು.

ಮನೆಮನೆಯಲ್ಲೂ ಅಗಳಿ ಬಿತ್ತು. ಮಕ್ಕಳು ಅಳಲಿಲ್ಲ. ಹಾಕಿದ ಬಾಗಿಲಿಗೆ ಮುಖ ಮಾಡಿ ಸುಮ್ಮನೆ ನಿಂತರು.

ಗಂಡಸರು ಪುಟ್ಟತಾಯಿಯ ಮನೆಯ ಜಗಲಿಯಲ್ಲಿ ಸೇರಿದರು. ಕೇರಿಯ ಯಜಮಾನ, "ಮಕ್ಕಳಿಗೆ ಬಿಗಿ ಸಾಲದು. ಇನ್ನು ಮುಂದೆ ಬಾಗಿಲು ಭದ್ರ ಮಾಡಿ" ಎಂದ.

ನೇಕಾರನ ತಾಯಿ, ಹಣ್ಣು ಮುದುಕಿ, ಒಳಗಿನಿಂದಲೇ ಕೇಳಿದಳು: "ನಾಳೆ ನೂಲಿನ ಜೊತೆ ಯಾರನ್ನು ಕಳಿಸ್ತೀಯಪ್ಪಾ ಯಜಮಾನ?"

ಯಜಮಾನ ಬಯಲಿನ ಕಡೆ ನೋಡಿದ. ನೂಲು ಒಣಗಲೇಬೇಕು.

ಮುದುಕಿ ಒಡೆದ ಮಡಕೆಯ ಬೋಕಿಗೆ ಒಲೆಯ ಕೆಂಡ ತುಂಬಿದಳು. ಮಡಿಲಿಗೆ ಮೆಣಸಿನಕಾಯಿ ಹಾಕಿಕೊಂಡಳು. "ದಿನಾ ಸಂಜೆ ಮಗುವಿಗೆ ದೃಷ್ಟಿ ತೆಗೆದಿರಿ. ದಿನಾ ಬೆಳಗ್ಗೆ ಆ ಕಣ್ಣಿನ ಮುಂದಕ್ಕೇ ಕಳಿಸಿದಿರಿ. ಇವತ್ತು ಆ ಜಾಗಕ್ಕೇ ತೆಗೀತೀನಿ, ಬನ್ನಿ" ಎಂದು ಬಯಲಿಗೆ ಇಳಿದಳು. ಕೇರಿ ಅವಳ ಹಿಂದೆ ಹೋಯಿತು.

ಹೊಂಗೆಯ ಬುಡದಲ್ಲಿ ಅವಳು ಮೆಣಸಿನಕಾಯಿ ಸುರಿದಳು. ಘಾಟು ಎದ್ದಿತು. ಇಷ್ಟು ದಿನ ಏಳದಿದ್ದ ಘಾಟೆಲ್ಲ ಒಟ್ಟಿಗೆ ಎದ್ದಂತಿತ್ತು. ಕೇರಿಗೆ ಕೇರಿಯೇ ಕೆಮ್ಮಿತು. ಮರದ ಹಿಂದೆಯೂ ಯಾರೋ ಕೆಮ್ಮಿದರು.

ಕಣ್ಣೊರೆಸಿಕೊಳ್ಳುತ್ತ ಒಬ್ಬ ಮನುಷ್ಯ ಹೊರಗೆ ಬಂದ. ಮಡಿ ಪಂಚೆ, ಎಣ್ಣೆ ಹಚ್ಚಿ ಬಾಚಿದ ತಲೆ. ಎಲ್ಲರೂ ಅವನನ್ನು ಕಂಡಿದ್ದವರೇ. ಬಣ್ಣಗಾರ ಅವನಿಗೆ ಮಜ್ಜಿಗೆ ಕೊಟ್ಟಿದ್ದ, ಯಜಮಾನನ ಕಡೆಯವನು ಇರಬೇಕೆಂದು. ಯಜಮಾನ ಅವನಿಂದ ಎಲೆಅಡಿಕೆ ಪಡೆದಿದ್ದ, ಬಣ್ಣಗಾರನ ನೆಂಟ ಇರಬೇಕೆಂದು.

"ಏನಜ್ಜೀ, ಬಲು ಖಾರ ನಿಮ್ಮೂರ ಮೆಣಸಿನಕಾಯಿ" ಎಂದು ಅವನು ನಕ್ಕ.

"ನೀನು ಯಾರ ಮನೆಯ ನೆಂಟನಪ್ಪಾ?" ಎಂದಳು ಮುದುಕಿ.

ಅವನು ನಗುತ್ತಲೇ ಸುತ್ತ ನೋಡಿದ. 'ನಮ್ಮ ಮನೆಯವನು' ಎಂದು ಯಾರಾದರೂ ಹೇಳಲಿ ಎಂದು ಕಾದಂತಿತ್ತು. ಯಾರೂ ಹೇಳಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದರು.

ಬಣ್ಣಗಾರನ ಹೆಂಡತಿ ಮುನ್ನುಗ್ಗಿ ಅವನ ಉತ್ತರೀಯ ಹಿಡಿದಳು. "ನನ್ನ ಮಗಳು ಎಲ್ಲೋ? ನನ್ನ ಸಣ್ಣಮ್ಮ ಎಲ್ಲಿ?"

"ಸಣ್ಣಮ್ಮನೇ?" ಅವನು ಯೋಚಿಸಿದ. "ಆ ಹೆಸರಿನವರು ನನಗೆ ಗೊತ್ತಿಲ್ಲ ತಾಯಿ."

ಅವನು ಸುಳ್ಳು ಹೇಳಲಿಲ್ಲ, ಅವನ ಬಳಿ ಅವಳಿಗೆ ಬೇರೆ ಹೆಸರಿತ್ತು. ಅದು ಕೇರಿಗೆ ಅರ್ಥವಾಗುವಷ್ಟರಲ್ಲಿ ಉತ್ತರೀಯವನ್ನು ಅವಳ ಕೈಯಲ್ಲೇ ಬಿಟ್ಟು ಹಳ್ಳ ದಾಟಿದ್ದ. ಗಂಡಸರು ಅಟ್ಟಿಕೊಂಡು ಹೋದರು. ಆಚೆ ದಡದ ಬಂಡೆಯ ಮೇಲೆ ಒದ್ದೆ ಹೆಜ್ಜೆಗಳು ಒಣಗುತ್ತಿದ್ದವು. ಮುಂದೆ ಹೆಜ್ಜೆಯಿರಲಿಲ್ಲ.

ನೇಕಾರ ಮನೆಗೆ ಓಡಿಬಂದು ಕತ್ತರಿ ತೆಗೆದ. ಮಗಳ ಕೈ ಎಳೆದ. ಹುಡುಗಿ ಕೈಯನ್ನು ಎದೆಗೆ ಅವುಚಿಕೊಂಡಳು.

"ಕತ್ತರಿ ಕೆಳಗಿಡೋ" ಎಂದಳು ಹಿಂದೆಯೇ ಬಂದ ಮುದುಕಿ. "ಹುಟ್ಟಾ ನೇಕಾರ ನೀನು. ಸಿಕ್ಕು ಬಿದ್ದರೆ ಲಡಿ ಕತ್ತರಿಸ್ತೀಯಾ?"

ಅವಳು ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಉಗುರಿನ ತುದಿಯಿಂದ ಗಂಟು ಸಡಿಲಿಸತೊಡಗಿದಳು. ಬೈಯಲಿಲ್ಲ, ಅವಸರ ಮಾಡಲಿಲ್ಲ. ಗಂಟು ಸಡಿಲವಾದಂತೆ ಹುಡುಗಿ ಮಾತಾಡಿದಳು. ಅವನು ಮೊದಲು ದಾರ ಕೊಟ್ಟ. ಆಮೇಲೆ ಒಂದು ಹೆಸರು ಕೊಟ್ಟ, ಅದು ನಮ್ಮಿಬ್ಬರ ನಡುವೆಯೇ ಇರಲಿ ಎಂದ. ಆಮೇಲೆ ಒಂದು ಪೊಟ್ಟಣ ಕೊಟ್ಟು, ಆಚೆ ದಡದಲ್ಲಿ ನಿಂತವರಿಗೆ ತಲುಪಿಸಿ ಬಾ ಎಂದ. ಅವಳಿಗೆ ಹೆದರಿಕೆಯಾಯಿತು. ಮನೆಯಲ್ಲಿ ಹೇಳುತ್ತೇನೆ ಎಂದಳು.

"ಅವನು ಏನಂದ?"

"ಹೇಳು ಅಂದ. ಬಣ್ಣದ ಮನೆಯ ಹುಡುಗಿಯನ್ನ ನಿಮ್ಮ ಕೇರಿ ಏನಂತು, ಕೇಳಿಸಿಕೊಂಡೆಯಲ್ಲ ಅಂದ. ನಿನ್ನನ್ನೂ ಹಾಗೇ ಅಂತಾರೆ, ಹೊರಗೆ ಹಾಕ್ತಾರೆ, ಆಗ ನನ್ನ ಹತ್ರವೇ ಬಾ ಅಂದ."

ಬಾಗಿಲಲ್ಲಿ ನಿಂತಿದ್ದ ಯಜಮಾನ ತಲೆ ತಗ್ಗಿಸಿದ. ಆ ಹುಡುಗಿಯ ನಡತೆಯ ಮಾತನ್ನು ಮೊದಲು ಆಡಿದವನು ಅವನೇ.

ಮರುದಿನ ನೂಲಿನ ಜೊತೆ ಮಕ್ಕಳು ಬಯಲಿಗೆ ಹೋದರು. ಅವರಿಗಿಂತ ಮೊದಲೇ ನೇಕಾರ ಅಲ್ಲಿದ್ದ. ಹೊಂಗೆಯ ಬುಡದಲ್ಲಿ ಗುಂಡಿ ತೋಡಿ ಮಗ್ಗ ಕೂರಿಸುತ್ತಿದ್ದ. ಗಾಳಿಗೆ ಎಳೆ ಹಾರುತ್ತದೆ, ಎಲೆ ಬೀಳುತ್ತದೆ, ಬಟ್ಟೆ ಕೆಡುತ್ತದೆ ಎಂದು ಕೇರಿ ಹೇಳಿತು. ಕೆಡಲಿ ಎಂದ. ಅವನಿಗೆ ಆಯಾಸವಾದ ದಿನ ಬಣ್ಣಗಾರ ಬಂದು ಕೂತ. ಅವನು ಬಾರದ ದಿನ ಯಜಮಾನ ಬಂದು ಕೂತ. ಹಳ್ಳದ ಆಚೆಯಿಂದ ಬಂದವರಿಗೆಲ್ಲ ಮುದುಕಿಯ ಪ್ರಶ್ನೆ ಕಾದಿರುತ್ತಿತ್ತು: ಯಾರ ಮನೆಯ ನೆಂಟ? ಪುಟ್ಟತಾಯಿ ನಿಧಾನವಾಗಿ ತನ್ನ ಹೆಸರಿಗೆ ತಿರುಗತೊಡಗಿದಳು.

ಬಣ್ಣಗಾರನ ಮಗಳು ಬರಲಿಲ್ಲ. ಆ ಮನುಷ್ಯ ಅವಳಿಗೆ ಇಟ್ಟ ಹೆಸರು ಯಾರಿಗೂ ತಿಳಿಯದು. ಪ್ರತಿ ಅಮಾವಾಸ್ಯೆ ಮಗ್ಗಗಳು ನಿಂತಾಗ ಅವಳ ತಾಯಿ ಹಳ್ಳದ ದಂಡೆಯಲ್ಲಿ ನಿಂತು, ಜಗತ್ತಿನಲ್ಲಿ ಇರುವ ಹೆಸರುಗಳನ್ನೆಲ್ಲ ಒಂದೊಂದಾಗಿ ಕೂಗುತ್ತಿದ್ದಳು.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು.

ಹೊರಗೆ ನಿಲಯದ ಹುಡುಗರು ಬಟ್ಟೆಯ ಗಂಟು ಹೊತ್ತು ಕೆರೆಯ ಕಡೆ ಹೊರಟಿದ್ದರು. ಎಲ್ಲರ ಹಿಂದೆ, ಒಂದಿಷ್ಟು ದೂರ ಬಿಟ್ಟು, ಮುದ್ದವೀರ ನಡೆಯುತ್ತಿದ್ದ. ಯಾರೋ ಅವನ ಹೆಸರು ಹಿಡಿದು ಕರೆದರು. ಅವನು ತಿರುಗಲಿಲ್ಲ.

ಶಿಷ್ಯ ಅದನ್ನು ನೋಡಿದ. ಅವನ ದನಿ ಸಣ್ಣಗಾಯಿತು.

"ಆ ಮನುಷ್ಯ ಮತ್ತೆ ಆ ಬಯಲಿಗೆ ಬರಲಿಲ್ಲವೇ ಬುದ್ಧೀ?"

"ಬಂದ. ಮರದ ಕೆಳಗೆ ಮಗ್ಗ ಕಂಡ. ನಿಲ್ಲದೆ ಮುಂದೆ ನಡೆದ."

"ಮುಂದೆ ಎಲ್ಲಿಗೆ?"

ಗುರುಗಳು ಹೇಳಿದರು: "ಗಡಿಯಾರ ಒಳ್ಳೆಯದು ಎಂದೆ ನೀನು, ಅದನ್ನು ಮುದ್ದವೀರನಿಗೆ ಕಟ್ಟಿದ ಕೈ ಯಾರದು ಎಂದು ಕೇಳಲಿಲ್ಲ."