ಸ್ಟೀರಿಂಗಿನ ಬೆವರು

ಶಾಲೆಯ ವ್ಯಾನಿಗೆಂದು ಆಡಳಿತ ಮಂಡಳಿಯ ಅಧ್ಯಕ್ಷ ಚನ್ನವೀರಪ್ಪನವರು ಗುಜರಿಯಿಂದ ಚಕ್ರಗಳನ್ನು ತಿರುಗಿಸುವ ಹಳೆಯ ಪವರ್ ಸ್ಟೀರಿಂಗ್ ರ‍್ಯಾಕ್ ತರಿಸಿದರು. ಮದುವೆಗೆ ಹೊರಟಿದ್ದ ಅವರು ರೇಷ್ಮೆ ಪಂಚೆಯಲ್ಲೇ ಶೆಡ್ಡಿಗೆ ಬಂದರು. ಹಿಂದೆ ನಾಲ್ಕು ಜನ ಮೇಷ್ಟ್ರುಗಳು. ಒಳಗೆ ಶಾಲೆಯ ವ್ಯಾನ್ ರಿಪೇರಿ ಮಾಡುವ ಮೇಸ್ತ್ರಿ ಇದ್ದ.

"ಇವತ್ತೇ ಕೂರಿಸು. ನಾಳೆ ಮಕ್ಕಳು ಪ್ರವಾಸಕ್ಕೆ ಘಾಟಿ ಇಳಿಯಬೇಕು."

ಮೇಸ್ತ್ರಿ ರ‍್ಯಾಕಿನ ತುದಿಯ ರಬ್ಬರ್ ಚೀಲವನ್ನು ಹಿಸುಕಿದ. ಒಳಗೆ ಎಣ್ಣೆ ತುಳುಕಿತು.

"ಎಣ್ಣೆ ತಡೆಯುವ ಸೀಲ್ ಹೋಗಿದೆ ಸ್ವಾಮಿ. ಬಿಚ್ಚಿ ಹೊಸದು ಹಾಕಬೇಕು. ಇಲ್ಲದಿದ್ದರೆ ತಿರುವಿನಲ್ಲಿ ಸ್ಟೀರಿಂಗ್ ತಿರುಗುವುದಿಲ್ಲ."

"ಅದು ಸೋರಿಕೆಯಲ್ಲವೋ, ಬೆವರು. ಹಳೆಯ ಕಬ್ಬಿಣ ಬೆವರುತ್ತದೆ. ನನಗೆ ಕಲಿಸಬೇಡ."

"ನೀವು ಹೇಳಿದ ಮೇಲೆ ಬೆವರೇ ಸರಿ. ಈ ತುದಿ ಸ್ವಲ್ಪ ಹಿಡಿದಿರಿ, ಕೂರಿಸಿಬಿಡೋಣ."

ಮೇಷ್ಟ್ರುಗಳ ಮುಂದೆ ಬೆವರು ಎಂದವರಿಗೆ ಹಿಡಿಯದೆ ವಿಧಿಯಿರಲಿಲ್ಲ. ಮೇಸ್ತ್ರಿ ಚೀಲದ ಕ್ಲಿಪ್ ಸಡಿಲಿಸಿದ. ಕಪ್ಪು ಎಣ್ಣೆ ಪಂಚೆಯ ಮೇಲೆ ಮಂಡಿಯಿಂದ ಪಾದದವರೆಗೆ ಇಳಿಯಿತು.

"ಏನೋ ಇದು?"

"ಬೆವರು ಸ್ವಾಮಿ. ಗಾಳಿಗೆ ಆರುತ್ತದೆ."

ಅಷ್ಟು ಜನ ನೋಡಿದ ಮೇಲೆ ರ‍್ಯಾಕ್ ರಿಪೇರಿಗೆ ಹೋಗಲೇಬೇಕಾಯಿತು. ಪ್ರವಾಸ ಒಂದು ವಾರ ಮುಂದೆ ಹೋಯಿತು. ಮೇಸ್ತ್ರಿ ಮನೆಗೆ ಹೋದ. ಅವನನ್ನು ಕೆಲಸದಿಂದ ತೆಗೆದ ಪತ್ರದಲ್ಲಿ ಪಂಚೆಯ ಬಗ್ಗೆ ಎಂಟು ಸಾಲು ಇತ್ತು. ಮಕ್ಕಳ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ.